ಸರ್ಫ್‌ಬೋರ್ಡಿಗೆ ಎರಡು ಬಗೆಯ ರೆಸಿನ್: ಯಾವುದರ ಮೇಲೆ ಯಾವುದು?

ಮನೆಯಲ್ಲೇ ತಯಾರಿಸುವ ಸರ್ಫ್‌ಬೋರ್ಡಿಗೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸುವಾಗ ಪಾಲಿಯೆಸ್ಟರ್ ಮತ್ತು ಎಪಾಕ್ಸಿ ರೆಸಿನ್‌ಗಳೆರಡನ್ನೂ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವಗಳು) ಬಳಸಬಹುದಾದರೂ, ಅವನ್ನು ದ್ರವರೂಪದಲ್ಲಿ ಒಂದೇ ಪಾತ್ರೆಯಲ್ಲಿ ಎಂದಿಗೂ ಬೆರೆಸಬಾರದು. ಮೊದಲು ಒಳಗಿನ ಫೋಮ್ ಯಾವುದೆಂದು ಖಚಿತಪಡಿಸಿಕೊಳ್ಳಿ. ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಇಪಿಎಸ್ ಫೋಮನ್ನು, ಅಂದರೆ ನಾವು ಥರ್ಮೋಕೋಲ್ ಎನ್ನುವುದನ್ನು, ಕರಗಿಸಿಬಿಡುತ್ತದೆ. ಪಾಲಿಯುರೆಥೇನ್ ಫೋಮಿಗೆ ಎರಡೂ ಹೊಂದುತ್ತವೆ.

ಪಾಲಿಯೆಸ್ಟರ್ ಪದರದ ಮೇಲೆ ಎಪಾಕ್ಸಿ ಹಚ್ಚುವುದೇ ಸುರಕ್ಷಿತ ಕ್ರಮ. ಕೆಳಪದರ ಪೂರ್ತಿ ಗಟ್ಟಿಯಾದ ಮೇಲೆ, ಮೇಲ್ಮೈಗೆ ತೇಲಿಬಂದ ಮೇಣವಿದ್ದರೆ ಅದನ್ನು ಅಸಿಟೋನಿನಿಂದ ಒರೆಸಿ, 80 ಗ್ರಿಟ್‌ನ ಒರಟು ಮರಳುಕಾಗದದಿಂದ ಎಲ್ಲಿಯೂ ಹೊಳಪು ಉಳಿಯದಂತೆ ಉಜ್ಜಿ, ಧೂಳು ತೆಗೆದು ಎಪಾಕ್ಸಿ ಹಚ್ಚಬೇಕು. ಇದಕ್ಕೆ ತಿರುಗುಮುರುಗಾದ ಕ್ರಮವನ್ನು ನಾನು ಶಿಫಾರಸು ಮಾಡುವುದಿಲ್ಲ. ಎಪಾಕ್ಸಿಯಲ್ಲಿ ಉಳಿದ ಅಮೀನ್ ಅಂಶವು (ಅದರ ಹಾರ್ಡನರ್‌ನಲ್ಲಿರುವ ರಾಸಾಯನಿಕ) ಪಾಲಿಯೆಸ್ಟರ್ ಗಟ್ಟಿಯಾಗುವುದನ್ನು ತಡೆಯಬಲ್ಲದು, ಆಗ ಬೆರಳಿಟ್ಟರೆ ಅಂಟುವ ಜಿಗುಟು ಉಳಿದು ಪದರವೇ ಕಿತ್ತುಬರಬಹುದು. ತೇವದ ಹವೆಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಮೂಡಿದರೆ, ಅದನ್ನು ನೀರಿನಿಂದ ತೊಳೆದ ನಂತರವೇ ಉಜ್ಜಬೇಕು.

ಗಟ್ಟಿಯಾಗಲೆಂದು ಪಾಲಿಯೆಸ್ಟರ್‌ಗೆ ಸೇರಿಸುವ ಎಂಇಕೆಪಿ ಎಂಬ ರಾಸಾಯನಿಕವನ್ನು ಹವೆಯ ಬಿಸಿಗೆ ತಕ್ಕಂತೆ, ಸಾಮಾನ್ಯವಾಗಿ ಶೇ. 1ರಿಂದ 2ರ ಮಿತಿಯೊಳಗೆ, ಹೆಚ್ಚುಕಡಿಮೆ ಮಾಡಬಹುದು. ಎಪಾಕ್ಸಿಯನ್ನು ಗಟ್ಟಿಯಾಗಿಸುವ ಹಾರ್ಡನರ್‌ನ ಪ್ರಮಾಣವನ್ನು ಮಾತ್ರ ಬದಲಿಸಲೇಬಾರದು. ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯವಿರುವುದರಿಂದ, ರಕ್ಷಣಾ ಕನ್ನಡಕ, ಕೈಗವಸು ಮತ್ತು ಆವಿ ತಡೆಯುವ ಮುಖಕವಚವಿಲ್ಲದೆ ಕೆಲಸಕ್ಕೆ ಕೂರಬೇಡಿ.