ಸದ್ದು ಅಡಗುವ ಕಡೆ: ಕಾಲ್ನಡಿಗೆಯಲ್ಲಿ ರೇಡಿಯೋ ಹುಡುಕಿದ ನನ್ನ ಅನುಭವ

ನಮ್ಮೂರು ಮಂಡ್ಯದ ಪಕ್ಕ. ನಾನು ಚಿಕ್ಕವಳಿದ್ದಾಗ ಬೆಳಗ್ಗೆ ಪ್ರದೇಶ ಸಮಾಚಾರದ ಹೊತ್ತಿಗೆ ಅಪ್ಪ ಟ್ರಾನ್ಸಿಸ್ಟರನ್ನು ಜಗುಲಿ ಮೇಲಿಟ್ಟು ನಿಧಾನಕ್ಕೆ ತಿರುಗಿಸುತ್ತಿದ್ದರು. ಒಂದು ಕಡೆ ದನಿ ತುಂಬಿ ಬರುತ್ತಿತ್ತು. ಇನ್ನಷ್ಟು ತಿರುಗಿಸಿದರೆ ದನಿ ಅಡಗಿ ಬರೀ ಕರಕರ ಸದ್ದು. "ಬೆಂಗ್ಳೂರು ಯಾವ್ ಕಡೆ ಐತೆ ಅಂತ ಇದಕ್ಕೆ ಗೊತ್ತು ಕಣವ್ವ" ಅನ್ನುತ್ತಿದ್ದರು. ಮಕ್ಕಳಿಗೆ ಹೇಳುವ ಕತೆ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ, ಬಚ್ಚಿಟ್ಟ ರೇಡಿಯೋ ಹುಡುಕುವ ಆಟದಲ್ಲಿ ಆಂಟೆನಾ ಹಿಡಿದು ಕುಂತಿಬೆಟ್ಟದ ಬಂಡೆಗಳ ನಡುವೆ ದಿಕ್ಕು ತಿಳಿಯದೆ ನಿಂತಾಗ ಆ ಮಾತು ನೆನಪಾಯಿತು.

ಅಪ್ಪ ಹೇಳಿದ್ದು ನಿಜ. ಮೀಡಿಯಂ ವೇವ್ ರೇಡಿಯೋದ ಒಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಕಡ್ಡಿ ಸ್ಟೇಷನ್ನಿಗೆ ಅಡ್ಡಲಾಗಿದ್ದರೆ ಸಿಗ್ನಲ್ ಜೋರು. ಕಡ್ಡಿಯ ತುದಿ ಸ್ಟೇಷನ್ ಕಡೆಗೆ ತಿರುಗಿದರೆ ಸಿಗ್ನಲ್ ಅಡಗುತ್ತದೆ. 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ನಮ್ಮ ಜಗುಲಿಯಲ್ಲಿ ಅಡಗಿದಾಗ ಆ ಕಡ್ಡಿ ಈಶಾನ್ಯಕ್ಕೆ ಚಾಚಿಕೊಂಡಿರುತ್ತಿತ್ತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜೋರಾಗಿ ಕೇಳುವ ಜಾಗ ಅಗಲ, ಸ್ವಲ್ಪ ಆಚೀಚೆ ತಿರುಗಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಅಡಗುವ ಜಾಗ ಮಾತ್ರ ಚೂಪು. ಕೂದಲೆಳೆಯಷ್ಟು ಆಚೆ ಹೋದರೂ ಸದ್ದು ಮತ್ತೆ ಬಂದುಬಿಡುತ್ತದೆ. ದಿಕ್ಕು ಬೇಕಾದರೆ ಸದ್ದಿಲ್ಲದ ಜಾಗ ಹುಡುಕಬೇಕು. ಇದು ನನ್ನ ಕೈಗೆ ಕೂರೋಕೆ ಎರಡು ವರ್ಷ ಹಿಡಿಯಿತು.

ಈ ಹುಡುಕುವ ಆಟಕ್ಕೆ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರು, ಫಾಕ್ಸ್ ಹಂಟ್ ಅನ್ನುತ್ತಾರೆ. ಒಬ್ಬರು ಪುಟ್ಟ ಟ್ರಾನ್ಸ್‌ಮಿಟರನ್ನು ಎಲ್ಲೋ ಬಚ್ಚಿಡುತ್ತಾರೆ. ಅದೇ ನರಿ. ಉಳಿದವರು ರಿಸೀವರ್ ಹಿಡಿದು ನಡೆದೇ ಹೋಗಿ ಹುಡುಕಬೇಕು. ಹೊರದೇಶಗಳಲ್ಲಿ ಇದು ಓಟದ ಸ್ಪರ್ಧೆ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1980ರಲ್ಲಿ ಪೋಲೆಂಡಿನಲ್ಲಿ ನಡೆಯಿತು. ಅಲ್ಲಿನ ಮುಖ್ಯ ಪಂದ್ಯದಲ್ಲಿ ಕಾಡಿನೊಳಗೆ ಐದು ನರಿಗಳು. ಒಂದೊಂದೂ ಒಂದು ನಿಮಿಷ ಮೋರ್ಸ್ (ಚುಕ್ಕೆ, ಗೆರೆಗಳ ಸಂಕೇತ) ಕಳಿಸಿ ನಾಲ್ಕು ನಿಮಿಷ ಸುಮ್ಮನಾಗುತ್ತದೆ. ಎಲ್ಲದರ ಸಂಕೇತವೂ ಎಂ, ಓ ಅಂತ ಶುರುವಾಗುತ್ತದೆ. ಆಮೇಲೆ ಮೊದಲನೆಯದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ. ಮೋರ್ಸ್ ಬರದಿದ್ದರೂ ಚುಕ್ಕೆ ಎಣಿಸಲು ಬಂದರೆ ಸಾಕು. ನಾವು ಮೈಸೂರಿನ ಏಳೆಂಟು ಜನ ಆಡುವುದು ಒಂದೇ ನರಿಯ ಆಟ. ಒಂದು ಭಾನುವಾರ ಬೆಳಗ್ಗೆಗೆ ಅಷ್ಟು ಸಾಕು.

ನರಿ ಇಡುವವರಿಗೆ ಹ್ಯಾಮ್ ಲೈಸೆನ್ಸ್ ಇರಲೇಬೇಕು. ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯೂಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗ ಕೊಡುವ ಲೈಸೆನ್ಸ್ ಅದು. ಪರೀಕ್ಷೆ ಬರೆಯಬೇಕು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು, ನನ್ನ ಮಗ ಹದಿಮೂರಕ್ಕೆ ಬರೆದ. ಮನೆಯಲ್ಲಿ ಟ್ರಾನ್ಸ್‌ಮಿಟರ್ ಅಂದರೆ ನೆಂಟರು ಹುಬ್ಬೇರಿಸುತ್ತಾರೆ. ನಾನು ಅವರಿಗೆ ಮೈಸೂರಿನ ಕತೆಯನ್ನೇ ಹೇಳುತ್ತೇನೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಈ ಊರಿನಲ್ಲಿ ಮನೆಯ ರೇಡಿಯೋ ಹೊಸದೇನಲ್ಲ.

ನನ್ನ ಮೊದಲ ಪಾಠಕ್ಕೆ ಬೇರೆ ಆಂಟೆನಾ ಕೂಡ ಬೇಕಾಗಲಿಲ್ಲ, ಕೈಯಲ್ಲಿ ಹಿಡಿಯುವ ರೇಡಿಯೋ ಹ್ಯಾಂಡ್‌ಸೆಟ್ ಸಾಕಾಯಿತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮ ಗುಂಪಿನ ಹಿರಿಯರೊಬ್ಬರು ಹೇಳಿಕೊಟ್ಟರು. "ಹ್ಯಾಂಡ್‌ಸೆಟ್ಟನ್ನ ಎದೆಗೆ ಒತ್ಕೊಳ್ಳಿ ಮೇಡಂ. ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ಬನ್ನಿ." ನಮ್ಮ ಮೈಯೇ ಸಿಗ್ನಲ್ಲಿಗೆ ಗೋಡೆ. ಯಾವ ಕಡೆ ತಿರುಗಿದಾಗ ಸದ್ದು ಅಡಗುತ್ತದೋ ಆಗ ನರಿ ಸರಿಯಾಗಿ ಬೆನ್ನ ಹಿಂದೆ ಇರುತ್ತದೆ. ಅವತ್ತು ನರಿ ಇದ್ದದ್ದು ಅವರ ಸ್ಕೂಟರ್ ಡಿಕ್ಕಿಯಲ್ಲಿ. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಇಷ್ಟೇನಾ ಅನ್ನಿಸಿತು.

ಆಮೇಲೆ ಆಂಟೆನಾ ಮಾಡಿದೆ. ಅಳತೆ ಟೇಪಿನ ಯಾಗಿ, ಅಂದರೆ ಒಂದೇ ದಿಕ್ಕಿಗೆ ಹೆಚ್ಚು ಕಿವಿಗೊಡುವ ಆಂಟೆನಾ. ಜಗತ್ತಿನ ಎಷ್ಟೋ ಕಡೆ ಫಾಕ್ಸ್ ಹಂಟ್ ಮಾಡುವವರು ಇದನ್ನೇ ಕಟ್ಟಿಕೊಳ್ಳುತ್ತಾರೆ. ಶಿವರಾಂಪೇಟೆಯಲ್ಲಿ ಒಂದಿಂಚು ಅಗಲದ ಸ್ಟೀಲ್ ಟೇಪು, ಅರ್ಧ ಇಂಚಿನ ಪಿವಿಸಿ ಪೈಪು, ಅದಕ್ಕೆ ತಕ್ಕ ಟಿ ಮತ್ತು ಕ್ರಾಸ್ ಜಾಯಿಂಟು, ಹೋಸ್ ಕ್ಲಾಂಪು ತಂದೆ. ನಮ್ಮ ನರಿ ಕೂಗುವ ಎರಡು ಮೀಟರ್ ಬ್ಯಾಂಡಿಗೆ (145 ಮೆಗಾಹರ್ಟ್ಸ್ ಆಸುಪಾಸು) ಮೂರು ಟೇಪಿನ ಅಡ್ಡಪಟ್ಟಿಗಳು. ಹಿಂದಿನದು ಸುಮಾರು 105 ಸೆಂಟಿಮೀಟರ್. ಮುಂದಿನದು 89. ನಡುವಿನದು 45ರ ಎರಡು ತುಂಡು, ಅದಕ್ಕೇ ಕೇಬಲ್ ಬೆಸುಗೆ ಹಾಕುವುದು. ಹಿಂದಿನದಕ್ಕೂ ನಡುವಿನದಕ್ಕೂ 20 ಸೆಂಟಿಮೀಟರ್ ಅಂತರ, ನಡುವಿನದಕ್ಕೂ ಮುಂದಿನದಕ್ಕೂ 32. ನಡುವಿನ ಎರಡು ತುಂಡುಗಳ ಮಧ್ಯೆ ಹೇರ್‌ಪಿನ್ನಿನ ಹಾಗೆ ಬಗ್ಗಿಸಿದ ಐದಿಂಚು ತಂತಿ ಇರಬೇಕು. ಅದನ್ನು ಬಿಟ್ಟರೆ ಆಂಟೆನಾ ಕೇಬಲ್ಲಿಗೆ ಹೊಂದುವುದಿಲ್ಲ. ಟೇಪಿನ ಹಳದಿ ಬಣ್ಣವನ್ನು ಮರಳು ಕಾಗದದಿಂದ ಪೂರ್ತಿ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಬೆಸುಗೆ ಕೂರುವುದೇ ಇಲ್ಲ. ಮೊದಲ ಸಲ ನಾನು ಅರೆಬರೆ ಉಜ್ಜಿದ್ದೆ, ಮೂರನೇ ದಿನಕ್ಕೆ ಕಳಚಿಕೊಂಡಿತು. ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತುವುದನ್ನು ಮರೆಯಬೇಡಿ, ಕೈ ಕೊಯ್ಯುತ್ತದೆ.

ಟೇಪೇ ಯಾಕೆ ಅಂದರೆ ಅದು ಬಾಗುತ್ತದೆ. ಪೊದೆಗೆ ನುಗ್ಗಿದರೆ ಮಡಚಿಕೊಂಡು ಆಚೆ ಹೋದ ಮೇಲೆ ಟಕ್ ಅಂತ ನೆಟ್ಟಗಾಗುತ್ತದೆ. ಇನ್ನೊಂದು ಕಾರಣ ಈ ಅಳತೆಗಳಲ್ಲೇ ಇದೆ. ಮುಂದಕ್ಕೆ ತುಂಬ ಜೋರು ಸಿಗಲಿ ಅಂತ ಮಾಡಿದ ಅಳತೆ ಅಲ್ಲ ಇದು. ಹಿಂದಿನಿಂದ ಬರುವ ಸಿಗ್ನಲ್ ಪೂರ್ತಿ ಸಾಯಲಿ ಅಂತ ಮಾಡಿದ್ದು. ಮತ್ತೆ ಅಪ್ಪನ ರೇಡಿಯೋ ಕತೆಯೇ, ಅಲ್ವಾ?

ಇದೆಲ್ಲ ಗೊತ್ತಿದ್ದೂ ಕುಂತಿಬೆಟ್ಟದಲ್ಲಿ ಸೋತೆ. ಪಾಂಡವಪುರದ ಪಕ್ಕದ ಬೆಟ್ಟ ಅದು. ಟಿಪ್ಪುವಿನ ಕಡೆಯ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದರಿಂದ ಬ್ರಿಟಿಷರು ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಅಂತ ಕರೆದರು. ಹೆಸರಿಗೆ ತಕ್ಕ ಹಾಗೆ ಎಲ್ಲಿ ನೋಡಿದರೂ ಬಂಡೆ. ಬುಡದಲ್ಲಿ ನಿಂತು ಆಂಟೆನಾ ತಿರುಗಿಸಿದೆ. ಸಿಗ್ನಲ್ ಜೋರಾಗಿ ಬಂದದ್ದು ಎದುರಿನ ದೊಡ್ಡ ಬಂಡೆಯ ಕಡೆಯಿಂದ. ಇನ್ನೇನು ಯೋಚಿಸಲಿಲ್ಲ, ಹತ್ತಿದೆ. ಐವತ್ತು ಹೆಜ್ಜೆಗೊಮ್ಮೆ ದಿಕ್ಕು ಬದಲಾಗುತ್ತಿತ್ತು. ಒಮ್ಮೆ ಎಡ, ಒಮ್ಮೆ ಬಲ, ಒಮ್ಮೆ ಆಕಾಶ. ನಲವತ್ತು ನಿಮಿಷ ಬಿಸಿಲಲ್ಲಿ ಹತ್ತಿದ ಮೇಲೆ ಕೆಳಗಿನಿಂದ ಯಾರೋ ಕೂಗಿದರು, ನರಿ ಸಿಕ್ಕಿತು ಅಂತ. ಅದು ಇದ್ದದ್ದು ನಾನು ಮೊದಲು ನಿಂತಿದ್ದ ಜಾಗದ ಹಿಂದೆ, ಒಂದು ಹುಣಸೆ ಮರದ ಬೇರಿನ ಸಂದಿಯಲ್ಲಿ. ನನಗೂ ಅದಕ್ಕೂ ನಡುವೆ ಒಂದು ದೊಡ್ಡ ಗುಂಡುಕಲ್ಲು ಇತ್ತು. ನೇರ ದಾರಿ ಮುಚ್ಚಿತ್ತು. ಎದುರಿನ ಬಂಡೆಗೆ ಬಡಿದು ವಾಪಸ್ ಬಂದ ಸಿಗ್ನಲ್ಲನ್ನೇ ನಾನು ನಂಬಿ ಹೊರಟಿದ್ದೆ.

ಅವತ್ತು ಅಳು ಬಂದಿತ್ತು. ಮನೆಗೆ ಬಂದು ಕೂತು ಯೋಚಿಸಿದಾಗ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಜೋರಾದ ಕಡೆಯನ್ನು ಮಾತ್ರ ನೋಡಿದ್ದೆ, ಅಡಗುವ ಕಡೆಯನ್ನು ನೋಡಿರಲಿಲ್ಲ. ನೇರ ಸಿಗ್ನಲ್ ಆದರೆ ಆಂಟೆನಾದ ಬೆನ್ನು ನರಿಯ ಕಡೆ ಬಂದಾಗ ಸದ್ದು ಚೆನ್ನಾಗಿ ಅಡಗುತ್ತದೆ. ಬಂಡೆಗೆ ಬಡಿದು ನಾಲ್ಕು ಕಡೆಯಿಂದ ಬರುವ ಸಿಗ್ನಲ್ ಎಲ್ಲೂ ಸರಿಯಾಗಿ ಅಡಗುವುದಿಲ್ಲ. ಎಲ್ಲಿ ತಿರುಗಿಸಿದರೂ ಅಷ್ಟಿಷ್ಟು ಉಳಿದೇ ಇರುತ್ತದೆ. ಆಗ ಆ ಜಾಗ ಬಿಟ್ಟು ಬಯಲಿಗೋ ಎತ್ತರಕ್ಕೋ ಹೋಗಿ ಮತ್ತೆ ನೋಡಬೇಕು. ಕಾರು, ತಗಡಿನ ಶೆಡ್ಡು, ಕರೆಂಟ್ ಕಂಬ ಪಕ್ಕದಲ್ಲಿದ್ದರೂ ಇದೇ ಪಾಡು.

ಈಗ ನಾನು ಒಂದೇ ಜಾಗದ ದಿಕ್ಕನ್ನು ನಂಬುವುದಿಲ್ಲ. ಮೂರು ಕಡೆ ನಿಂತು ದಿಕ್ಸೂಚಿಯಿಂದ ದಿಕ್ಕು ಓದಿ ನಕ್ಷೆಯ ಮೇಲೆ ಗೆರೆ ಎಳೆಯುತ್ತೇನೆ. ಮೈಸೂರಿನ ಸುತ್ತ ಆಡುವಾಗ ಸರ್ವೆ ಆಫ್ ಇಂಡಿಯಾದ 57 ಡಿ/11 ಹಾಳೆ ಇಟ್ಟುಕೊಂಡಿರುತ್ತೇನೆ. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಒಂದು ಎಚ್ಚರ: ಆಂಟೆನಾದ ಟೇಪು ಉಕ್ಕಿನದು. ಪಕ್ಕದಲ್ಲೇ ದಿಕ್ಸೂಚಿ ಹಿಡಿದರೆ ಮುಳ್ಳು ವಾಲುತ್ತದೆ. ದೂರದ ಮರವನ್ನೋ ಟ್ಯಾಂಕನ್ನೋ ಗುರುತು ಮಾಡಿಕೊಳ್ಳಿ. ಆಂಟೆನಾ ಕೆಳಗಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ಆಮೇಲೆ ಓದಿ.

ಹೋದ ವರ್ಷ ಮಂಡ್ಯದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಆಡಿದೆವು. ನಮ್ಮೂರಿನ ಕಡೆಯೇ ಆದ್ದರಿಂದ ಜಮೀನಿನವರನ್ನು ಕೇಳಿ ಒಪ್ಪಿಸಿದ್ದು ನಾನು. ಪೊಲೀಸ್ ಠಾಣೆಗೂ ಹೇಳಿ ಬಂದಿದ್ದೆವು. ನರಿಯ ಡಬ್ಬಿ ಮೇಲೆ "ಹ್ಯಾಮ್ ರೇಡಿಯೋ ಆಟದ ಪೆಟ್ಟಿಗೆ, ಅಪಾಯವಿಲ್ಲ" ಅಂತ ದೊಡ್ಡದಾಗಿ ಬರೆದು ಫೋನ್ ನಂಬರ್ ಅಂಟಿಸುತ್ತೇವೆ. ತಂತಿ ಹೊರಗೆ ಬಂದಿರುವ ಡಬ್ಬಿ ಕಂಡರೆ ಯಾರಿಗಾದರೂ ಭಯ ಆಗುತ್ತದೆ. ಹೊಲಗಳ ನಡುವೆ ಆಡುವವರು ಈ ಕೆಲಸವನ್ನು ಯಾವತ್ತೂ ಬಿಡಬಾರದು. ಕಬ್ಬಿನ ಗದ್ದೆಗೆ ಒಬ್ಬರೇ ಹೋಗುವುದೂ ಬೇಡ. ಹಾವಂತೂ ಇದ್ದೇ ಇರುತ್ತದೆ, ನಮ್ಮ ಕಡೆ ಚಿರತೆಗಳು ಕಬ್ಬಿನೊಳಗೆ ಮರಿ ಹಾಕುತ್ತವೆ. ನಾವು ಇಬ್ಬಿಬ್ಬರಾಗಿ ಹೋಗುತ್ತೇವೆ, ಹನ್ನೊಂದು ಗಂಟೆಗೆ ಮುಗಿಸುತ್ತೇವೆ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಆಳೆತ್ತರ ಮೀರಿದ ಕಬ್ಬು, ಸೋಗೆ ತುಂಬ ನೀರು. ನೆಂದ ಎಲೆ ಎರಡು ಮೀಟರ್ ಸಿಗ್ನಲ್ಲನ್ನು ಚೆನ್ನಾಗಿ ಹೀರುತ್ತದೆ. ಸಿಗ್ನಲ್ ಕ್ಷೀಣವಾಗಿದ್ದರೆ ನರಿ ದೂರ ಇದೆ ಅಂತಲೇ ಅಲ್ಲ, ನಡುವೆ ಕಬ್ಬು ಇದ್ದರೂ ಹಾಗೆಯೇ ಕೇಳುತ್ತದೆ. ಹಾಗಾಗಿ ದೂರವನ್ನು ಸದ್ದಿನಿಂದ ಅಳೆಯದೆ ಕಾಲಿನಿಂದ ಅಳೆದೆ. ನಾಲೆ ಏರಿ ಮೇಲೆ ನಡೆಯುತ್ತಾ ಹೋದರೆ ನರಿಯ ದಿಕ್ಕು ನಿಧಾನಕ್ಕೆ ಹಿಂದಕ್ಕೆ ಸರಿಯುತ್ತದೆ. ನರಿ ಸರಿಯಾಗಿ ಪಕ್ಕಕ್ಕೆ ಬಂದ ಜಾಗದಿಂದ ನೂರು ಮೀಟರ್ ಮುಂದೆ ನಡೆದಾಗ ದಿಕ್ಕು 45 ಡಿಗ್ರಿ ಸರಿದರೆ ನರಿ ಏರಿಯಿಂದ ನೂರು ಮೀಟರ್. ಆರೇ ಡಿಗ್ರಿ ಸರಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನನಗೆ ಅವತ್ತು ಮೂವತ್ತರ ಹತ್ತಿರ ಬಂತು. ಇನ್ನೂರು ಮೀಟರಿನೊಳಗೇ ಇದೆ. ಆದರೆ ನಾಲೆಯ ಆಚೆ ದಡದಲ್ಲಿ. ಸೇತುವೆ ಅರ್ಧ ಕಿಲೋಮೀಟರ್ ಹಿಂದೆ ಉಳಿದಿತ್ತು. ನಾನೂ ಮಗನೂ ವಾಪಸ್ ನಡೆದೆವು.

ದಾರಿಯಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದವರು ಟೇಪು ನೋಡಿ ನಿಂತರು. "ಏನಕ್ಕ, ರೋಡ್ ಅಗ್ಲ ಮಾಡಕೆ ಅಳ್ತೆಯಾ?" ಅವರ ದನಿಯಲ್ಲಿ ಆತಂಕ ಇತ್ತು. ಜಮೀನು ಹೋಗುತ್ತದೇನೋ ಅನ್ನುವ ಭಯ ನನಗೂ ಗೊತ್ತು, ನಮ್ಮದೂ ಅದೇ ಊರಲ್ಲವೇ. "ಇಲ್ಲ ಕಣಣ್ಣ, ರೇಡಿಯೋ ಬಚ್ಚಿಟ್ಟವ್ರೆ, ಹುಡುಕ್ತಾ ಇದೀವಿ" ಅಂದೆ. ಆಂಟೆನಾ ಅವರ ಕೈಗೆ ಕೊಟ್ಟು ಒಂದು ಸುತ್ತು ತಿರುಗಿಸಲು ಹೇಳಿದೆ. ಒಂದು ಕಡೆ ಬಂದಾಗ ನಿಲ್ಲಿಸಿ "ಇಲ್ಲಿ ನಿಂತೋಯ್ತದೆ" ಅಂದರು. "ಹಂಗಾರೆ ಅದು ನಿಮ್ಮ ಬೆನ್ನಿಂದೆ ಐತೆ" ಅಂದೆ. ಅವರು ತಿರುಗಿ ನೋಡಿ "ಮೋಟ್ರು ಮನೆ ತಾವ" ಅಂದರು. ನಕ್ಷೆಯ ಮೇಲಿನ ನನ್ನ ಗೆರೆಗಳೂ ಅಲ್ಲೇ ಹತ್ತಿರ ಹತ್ತಿರ ಕೂಡುತ್ತಿದ್ದವು.

ಕೊನೆಯ ಐವತ್ತು ಮೀಟರೇ ಕಷ್ಟ. ಹತ್ತಿರ ಹೋದಂತೆ ಸಿಗ್ನಲ್ ಎಷ್ಟು ಜೋರಾಗುತ್ತದೆ ಅಂದರೆ ಯಾವ ಕಡೆ ತಿರುಗಿಸಿದರೂ ಹ್ಯಾಂಡ್‌ಸೆಟ್ಟಿನ ಸಿಗ್ನಲ್ ಗೆರೆಗಳೆಲ್ಲ ತುಂಬಿರುತ್ತವೆ. ಆಗ ಕಿವುಡಾಗುವುದನ್ನು ಕಲಿಯಬೇಕು. ಮೊದಲು ಆಂಟೆನಾ ಕಳಚಿ ಮೈಯನ್ನೇ ಗೋಡೆ ಮಾಡಿಕೊಳ್ಳುತ್ತೇನೆ. ಅದೂ ಸಾಲದಿದ್ದರೆ ಹತ್ತು ಕಿಲೋಹರ್ಟ್ಸ್ ಪಕ್ಕಕ್ಕೆ ಟ್ಯೂನ್ ಮಾಡುತ್ತೇನೆ. ಇನ್ನೂ ಒಂದು ಉಪಾಯ ಇದೆ. ನರಿ 145.200 ಮೆಗಾಹರ್ಟ್ಸ್‌ನಲ್ಲಿದ್ದರೆ ಅದರ ಮೂರು ಪಟ್ಟು, ಅಂದರೆ 435.600ರಲ್ಲಿ ಕೇಳುವುದು. ಟ್ರಾನ್ಸ್‌ಮಿಟರಿನಿಂದ ಆ ಮೂರನೇ ಹಾರ್ಮೋನಿಕ್ ತುಂಬ ಸಣ್ಣದಾಗಿ ಹೊರಬರುತ್ತದೆ, ಹತ್ತಿರ ಇದ್ದವರಿಗೆ ಮಾತ್ರ ಕೇಳುತ್ತದೆ.

ಈಗ ನನ್ನ ಹತ್ತಿರ ಸಿಗ್ನಲ್ ತಗ್ಗಿಸುವ ಆಫ್‌ಸೆಟ್ ಅಟೆನ್ಯುಯೇಟರ್ ಇದೆ. ಪುಟ್ಟ ಪೆಟ್ಟಿಗೆ, ಒಳಗೆ ನಾಲ್ಕು ಮೆಗಾಹರ್ಟ್ಸ್‌ನ ಆಸಿಲೇಟರ್, ಒಂದು ಡಯೋಡು, ಒಂದು ವಾಲ್ಯೂಮ್ ಗುಂಡಿ. ನರಿಯ ಸಿಗ್ನಲ್ ಇದರೊಳಗೆ ಬೆರೆತು ನಾಲ್ಕು ಮೆಗಾಹರ್ಟ್ಸ್ ಆಚೆ, 149.200ರಲ್ಲಿ, ಮತ್ತೊಮ್ಮೆ ಕೇಳುತ್ತದೆ. ಆ ಹೊಸ ಸಿಗ್ನಲ್ ಎಷ್ಟು ಸಣ್ಣದಿರಬೇಕು ಅನ್ನುವುದು ಗುಂಡಿಯ ಕೈಲಿ. ನಾನು ಈ ಆಟದಲ್ಲಿ ಖರ್ಚು ಮಾಡಿದ ದುಡ್ಡಲ್ಲಿ ಅತಿ ಸಾರ್ಥಕವಾದದ್ದು ಇದು. ದುಬಾರಿ ರಿಸೀವರ್ ಕೊಳ್ಳುವ ಮೊದಲು ಇದನ್ನು ಕಟ್ಟಿಕೊಳ್ಳಿ ಅಂತ ಹೊಸಬರಿಗೆಲ್ಲ ಹೇಳುತ್ತೇನೆ.

ಮೋಟರ್ ಮನೆ ಹತ್ತಿರ ಗುಂಡಿಯನ್ನು ಕಡಿಮೆ ಮಾಡುತ್ತಾ ಹೋದೆ. ಹತ್ತು ಹೆಜ್ಜೆ, ಗುಂಡಿ ಸ್ವಲ್ಪ ಕೆಳಗೆ. ಇನ್ನು ಐದು ಹೆಜ್ಜೆ, ಇನ್ನಷ್ಟು ಕೆಳಗೆ. ಆಂಟೆನಾದ ಬೆನ್ನು ತೊಟ್ಟಿಯ ಕಡೆ ಬಂದಾಗ ಸದ್ದು ಕತ್ತರಿಸಿದ ಹಾಗೆ ನಿಂತಿತು. ಮಗ ಬಗ್ಗಿ ನೋಡಿದ. ತೊಟ್ಟಿಯ ಪಕ್ಕದ ಚಪ್ಪಡಿ ಕೆಳಗೆ ಊಟದ ಡಬ್ಬಿ, ಮೇಲೆ ನಾವು ಅಂಟಿಸಿದ ಚೀಟಿ. ಅವತ್ತಿನ ಜೋಡಿಗಳಲ್ಲಿ ನಮ್ಮದು ಎರಡನೆಯದು. ಸೇತುವೆಯ ಸುತ್ತು ಇಲ್ಲದಿದ್ದರೆ ಮೊದಲನೆಯದೇ ಆಗುತ್ತಿತ್ತು ಅಂತ ಅವನು ಇವತ್ತಿಗೂ ಹೇಳುತ್ತಾನೆ.

ಈ ಭಾನುವಾರ ಮತ್ತೆ ಅಲ್ಲೇ ಆಟ. ನರಿ ಇಡುವುದು ಅವನೇ, ಮೊದಲ ಸಲ. ನಾಲೆಯ ಆಚೆ ದಡವೋ ಈಚೆ ದಡವೋ ಅಷ್ಟು ಹೇಳು ಅಂದೆ. ಅದನ್ನೂ ಹೇಳಿಲ್ಲ.