ಲೈನ್ ಆಫ್ ಆದರೆ ಸಾಲದು: 220 ಕೆ.ವಿ. ಜಂಪರಿಗೆ ಕೈ ಇಡುವ ಮುನ್ನ

ಶರಾವತಿ ವಿದ್ಯುದಾಗಾರದ ಕಡೆಯಿಂದ ಬರುವ 220 ಕೆ.ವಿ. ಲೈನುಗಳ ಸ್ಟೇಷನ್ನಿನಲ್ಲಿ ನಾನು ಇಪ್ಪತ್ತೆಂಟು ವರ್ಷ ದುಡಿದಿದ್ದೇನೆ. ಹೊಸದಾಗಿ ಸೇರುವ ಸಹಾಯಕ ಇಂಜಿನಿಯರುಗಳು ರಿಲೇ ಬಗ್ಗೆ ಕೇಳುತ್ತಾರೆ, ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳುತ್ತಾರೆ. ಲೈನ್ ಕ್ಲಿಯರ್ (ಆಫ್ ಮಾಡಿದ ಲೈನಿನಲ್ಲಿ ಕೆಲಸ ಮಾಡಲು ಪಡೆಯುವ ಲಿಖಿತ ಅನುಮತಿ) ತೆಗೆದುಕೊಳ್ಳುವುದು ಹೇಗೆ ಎಂದು ಕೇಳುವವರು ಕಡಿಮೆ. ಅದೊಂದು ಪುಸ್ತಕದಲ್ಲಿ ಸಹಿ ಹಾಕುವ ಕೆಲಸ ಎಂದುಕೊಂಡಿರುತ್ತಾರೆ. ಆ ಸಹಿಯ ಭರವಸೆಯ ಮೇಲೆ ಒಬ್ಬ ಮನುಷ್ಯ ಏಣಿ ಹತ್ತುತ್ತಾನೆ. ಆದ್ದರಿಂದ ಇದನ್ನು ವಿವರವಾಗಿಯೇ ಬರೆಯುತ್ತೇನೆ.

ಒಂದು ನಿರ್ದಿಷ್ಟ ಕೆಲಸವನ್ನೇ ಇಟ್ಟುಕೊಳ್ಳೋಣ. ಡಬಲ್ ಸರ್ಕ್ಯೂಟ್ ಲೈನಿನ (ಒಂದೇ ಟವರುಗಳ ಮೇಲೆ ಎರಡು ಸರ್ಕ್ಯೂಟು) ಒಂದು ಸರ್ಕ್ಯೂಟಿನಲ್ಲಿ, ಗ್ಯಾಂಟ್ರಿಯಿಂದ (ಲೈನ್ ಬಂದು ನಿಲ್ಲುವ ಯಾರ್ಡಿನ ಉಕ್ಕಿನ ಚೌಕಟ್ಟು) ಲೈನ್ ಐಸೊಲೇಟರಿಗೆ ಇಳಿಯುವ ಜಂಪರಿನ, ಅಂದರೆ ಜೋಡಣೆಯ ಕಂಬಿಯ, ಕ್ಲಾಂಪ್ ಬಿಸಿಯಾಗುತ್ತಿದೆ. ಅದನ್ನು ಬದಲಾಯಿಸಬೇಕು. ಪಕ್ಕದ ಸರ್ಕ್ಯೂಟ್ ಚಾಲೂ ಇರುತ್ತದೆ.

ಮೊದಲು ಬ್ರೇಕರ್ ಆಫ್ ಮಾಡಿಸಿ, ಆಮೇಲೆ ಲೈನ್ ಐಸೊಲೇಟರ್, ಬಸ್ (ಎಲ್ಲ ಲೈನುಗಳೂ ಸೇರುವ ಕಂಬಿ) ಕಡೆಯ ಐಸೊಲೇಟರ್ ತೆಗೆಸಿ. ಈ ಕ್ರಮ ತಪ್ಪಬಾರದು. ಐಸೊಲೇಟರ್ ಲೋಡನ್ನು ಕಡಿಯಲಾರದು. ಬ್ರೇಕರ್ ಮುಚ್ಚಿರುವಾಗ ಅದನ್ನು ತೆರೆದರೆ ಆರ್ಕ್ ಎಳೆಯುತ್ತದೆ. ಬ್ರೇಕರ್ ಕಡಿಯಬಲ್ಲದು, ಆದರೆ ಅದರ ಸಂಪರ್ಕಗಳು ಪಿಂಗಾಣಿಯೊಳಗೆ ಮುಚ್ಚಿಹೋಗಿರುತ್ತವೆ. ಕಣ್ಣಿಗೆ ಕಾಣುವ ಅಂತರ ಕೊಡುವುದು ಐಸೊಲೇಟರ್ ಮಾತ್ರ. ಆ ಅಂತರವನ್ನು ನೀವೇ ಯಾರ್ಡಿಗೆ ಇಳಿದು, ಕತ್ತೆತ್ತಿ, ಮೂರು ಫೇಸುಗಳಲ್ಲೂ ನೋಡಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಸೇರಿದ ಎರಡನೆಯ ಮಳೆಗಾಲದಲ್ಲಿ ಒಂದು ಬೇಯ (ಒಂದು ಲೈನಿನ ಉಪಕರಣಗಳಿರುವ ಯಾರ್ಡಿನ ಭಾಗ) ಪ್ಯಾನೆಲಿನಲ್ಲಿ ಐಸೊಲೇಟರ್ ಪೂರ್ತಿ ತೆರೆದಿದೆ ಎಂಬ ಸೂಚನೆ ಬಂದಿತ್ತು. ಹೊರಗೆ ಹೋಗಿ ನೋಡಿದರೆ ಎರಡು ಫೇಸುಗಳ ತೋಳು ತೆರೆದಿವೆ, ನಡುವಿನದು ಇದ್ದಲ್ಲಿಯೇ ಇದೆ. ಮೂರನ್ನೂ ಜೋಡಿಸುವ ಪೈಪಿನ ಬೋಲ್ಟು ಸಡಿಲಗೊಂಡು ಜಾರಿತ್ತು. ಪ್ಯಾನೆಲಿನ ಸೂಚನೆ ಬರುವುದು ಕೆಳಗಿನ ಮೆಕ್ಯಾನಿಸಮ್ ಪೆಟ್ಟಿಗೆಯಿಂದ. ಮೇಲಿನ ತೋಳು ತಿರುಗಿತೋ ಇಲ್ಲವೋ ಅದಕ್ಕೆ ತಿಳಿಯದು. ಏಣಿ ಹಿಡಿದು ಹಿಂದೆಯೇ ನಿಂತಿದ್ದ ಲೈನ್‌ಮನ್ ಅಣ್ಣನ ಮುಖ ನನಗೆ ಇಂದಿಗೂ ನೆನಪಿದೆ.

ಮೂರೂ ತೆರೆದಿವೆ ಎಂದು ಖಚಿತವಾದ ಮೇಲೆ ಐಸೊಲೇಟರ್ ತಿರುಗಿಸುವ ಮೋಟರಿನ ಸಪ್ಲೈ ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಎದುರು ಸ್ಟೇಷನ್ನಿನವರೂ ಇದನ್ನೇ ಮಾಡಿ ಸಂದೇಶ ಕೊಡಬೇಕು. ಸಂದೇಶದ ಸಂಖ್ಯೆ, ಸಮಯ, ಹೆಸರು, ಲೈನಿನ ಹೆಸರು, ಸರ್ಕ್ಯೂಟ್ ಒಂದೋ ಎರಡೋ ಎಲ್ಲವನ್ನೂ ಬರೆದುಕೊಂಡು ತಿರುಗಿ ಓದಿ ಹೇಳಿ. ಅವರು "ಸರಿ" ಎಂದ ಮೇಲೆ ಫೋನ್ ಇಡಿ.

ಈಗ ಲೈನ್ ಆಫ್ ಆಗಿದೆ, ಆದರೆ ಸತ್ತಿಲ್ಲ. ಅದೇ ಟವರುಗಳ ಇನ್ನೊಂದು ಬದಿಯಲ್ಲಿ ಪ್ರತಿ ಫೇಸೂ ಭೂಮಿಗೆ ಹೋಲಿಸಿದರೆ 127 ಕೆ.ವಿ. ಹೊತ್ತು ಮೈಲುಗಟ್ಟಲೆ ಜೊತೆಯಲ್ಲೇ ಸಾಗುತ್ತಿದೆ. ನಡುವಿನ ಗಾಳಿಯೇ ಕೆಪಾಸಿಟರಿನಂತೆ ವರ್ತಿಸಿ, ಯಾವುದಕ್ಕೂ ತಗಲಿಸದ ನಮ್ಮ ಕಂಬಿಯಲ್ಲಿ ಸಾವಿರಾರು ವೋಲ್ಟ್ ಮೂಡಿಸುತ್ತದೆ. ಹಾಗಾಗಿ ವೋಲ್ಟೇಜ್ ಡಿಟೆಕ್ಟರ್ ಹಿಡಿದಾಗ ದೀಪ ಹತ್ತಿದರೆ "ಇಂಡಕ್ಷನ್ ಇರಬಹುದು" ಎಂದು ಊಹಿಸಿ ಮುಂದುವರಿಯಬೇಡಿ. ಎರಡೂ ತುದಿಯ ಐಸೊಲೇಟರುಗಳನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಹತ್ತದಿದ್ದರೂ ಡಿಟೆಕ್ಟರೇ ಕೆಟ್ಟಿರಬಹುದು. ಚಾಲೂ ಇರುವ ಕಡೆ ಮೊದಲೊಮ್ಮೆ, ಆಮೇಲೊಮ್ಮೆ ಹಿಡಿದು ಪರೀಕ್ಷಿಸಿ. ಎರಡು ತುದಿಯ ಅರ್ತ್ ಸ್ವಿಚ್ (ಲೈನನ್ನು ಭೂಮಿಗೆ ಸೇರಿಸುವ ಸ್ವಿಚ್) ಹಾಕಿಸುವುದು ಇಷ್ಟಾದ ಮೇಲೆ.

ಇಲ್ಲಿಗೆ ಬಂದ ಬಹುತೇಕರು ಕೆಲಸಕ್ಕೆ ಇಳಿದುಬಿಡುತ್ತಾರೆ. ದಯವಿಟ್ಟು ಇಳಿಯಬೇಡಿ. ನಿಮ್ಮ ಅರ್ತ್ ಸ್ವಿಚ್ ಎಲ್ಲಿದೆ ನೋಡಿ: ಐಸೊಲೇಟರಿನ ಚೌಕಟ್ಟಿನಲ್ಲಿ, ಅಂದರೆ ಜಂಪರಿನ ಕೆಳಗೆ. ನೀವು ಕ್ಲಾಂಪ್ ಬಿಚ್ಚಿದ ಕ್ಷಣ ಮೇಲಿನ ಇಡೀ ಲೈನಿಗೂ ಆ ಸ್ವಿಚ್ಚಿಗೂ ಸಂಬಂಧ ಕಡಿಯುತ್ತದೆ. ಎದುರು ತುದಿಯಲ್ಲಿ ಭೂಮಿಗೆ ಕಟ್ಟಿದ್ದಾರಲ್ಲ ಎಂದರೆ ಅದೂ ಸಾಲದು. ಪಕ್ಕದ ಸರ್ಕ್ಯೂಟಿನ ಕರೆಂಟಿನ ಕಾಂತಕ್ಷೇತ್ರ ನಮ್ಮ ಕಂಬಿಯ ಉದ್ದಕ್ಕೂ ವೋಲ್ಟೇಜ್ ಹುಟ್ಟಿಸುತ್ತದೆ. ಒಂದು ತುದಿಯನ್ನು ಭೂಮಿಗೆ ಕಟ್ಟಿದರೆ ಅದೆಲ್ಲವೂ ಬಿಚ್ಚಿದ ತುದಿಯಲ್ಲಿ, ನಿಮ್ಮ ಹುಡುಗನ ಕೈಯ ಬಳಿ ಬಂದು ನಿಲ್ಲುತ್ತದೆ. ಲಿಂಗನಮಕ್ಕಿ ತುಂಬಿ ಶರಾವತಿಯ ಹತ್ತೂ ಯಂತ್ರಗಳು ತಿರುಗುತ್ತಿರುವ ದಿನ ಪಕ್ಕದ ಲೈನಿನ ಕರೆಂಟ್ ಹೆಚ್ಚು, ಇದೂ ಹೆಚ್ಚು. ಆ ಲೈನಿನಲ್ಲಿ ಫಾಲ್ಟ್ ಆದರೆ ಇನ್ನೂ ಹಲವು ಪಟ್ಟು.

ಆದ್ದರಿಂದ ಕ್ಲಾಂಪಿನ ಎರಡೂ ಕಡೆ, ಕೆಲಸದ ಜಾಗಕ್ಕೆ ಹತ್ತಿರದಲ್ಲಿ, ಪ್ರತಿ ಫೇಸಿಗೂ ಅರ್ತ್ ರಾಡ್ ಕಟ್ಟಿ. ಒಂದು ಗ್ಯಾಂಟ್ರಿಯಿಂದ ಇಳಿಯುವ ಕಂಬಿಗೆ, ಇನ್ನೊಂದು ಐಸೊಲೇಟರ್ ಕಡೆಗೆ. ಮೂರು ಫೇಸಿಗೆ ಆರು ರಾಡುಗಳು. ಎರಡು ಕಡೆಯ ರಾಡುಗಳನ್ನೂ ಒಂದೇ ಅರ್ತ್ ಪಟ್ಟಿಗೆ ಸೇರಿಸಿ, ಕ್ಲಾಂಪ್ ಬಿಚ್ಚುವ ಮುಂಚೆ ಈಚೆಯಿಂದ ಆಚೆಗೆ ಒಂದು ತಾತ್ಕಾಲಿಕ ಜಂಪರ್ ಹಾಕಿಬಿಡಿ. ಆಗ ಎರಡು ಕೈಗಳ ನಡುವೆ ವೋಲ್ಟೇಜ್ ಉಳಿಯುವುದಿಲ್ಲ.

ಕಟ್ಟುವಾಗ ಮೊದಲು ಭೂಮಿಯ ತುದಿ, ಆಮೇಲೆ ಕಂಬಿಯ ತುದಿ. ಬಿಚ್ಚುವಾಗ ಮೊದಲು ಕಂಬಿ, ಕೊನೆಗೆ ಭೂಮಿ. ತಿರುವುಮುರುವಾದರೆ ರಾಡಿನ ತಂತಿಯೇ ಲೈನಾಗಿ ಕೈಗೆ ಬರುತ್ತದೆ. ಭೂಮಿಯ ಕ್ಲಾಂಪ್ ಕೂರುವ ಜಾಗದ ಬಣ್ಣ, ತುಕ್ಕು ಕೆರೆಯಿರಿ. ನಮ್ಮ ಮಲೆನಾಡಿನ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಕಟ್ಟುತ್ತದೆ. ಕಂಬಿಗೆ ಕೊಕ್ಕೆ ತಾಗುವಾಗ "ಚಟ್" ಎಂದು ಕಿಡಿ ಹಾರಿದರೆ ಹುಡುಗರು ಬೆಚ್ಚುತ್ತಾರೆ. ಇಂಡಕ್ಷನ್ ಎಂದರೇನು ಎಂದು ನಾನು ಅವರಿಗೆ ವಿವರಿಸುವುದು ಆಗಲೇ.

ರಾಡುಗಳಿಗೆ ನಂಬರ್ ಬರೆಸಿ. ಹೊರಗೆ ಹೋದದ್ದು ಎಷ್ಟು, ಯಾವುದು ಎಲ್ಲಿದೆ ಎಂದು ಲೈನ್ ಕ್ಲಿಯರ್ ಪುಸ್ತಕದಲ್ಲೇ ಬರೆಯಿರಿ. ಪಕ್ಕದ ಬೇ ಚಾಲೂ ಇರುವುದರಿಂದ ಕೆಲಸದ ಜಾಗಕ್ಕೆ ಹಗ್ಗ ಕಟ್ಟಿಸಿ, ಅಲ್ಯುಮಿನಿಯಂ ಏಣಿಯನ್ನು ನಿಲ್ಲಿಸಿಕೊಂಡು ಸಾಗಿಸಲು ಬಿಡಬೇಡಿ. ಇಬ್ಬರು ಅಡ್ಡಲಾಗಿ ಹಿಡಿದು ತರಲಿ. 220 ಕೆ.ವಿ. ಭಾಗಕ್ಕೂ ಭೂಮಿಗೆ ಸೇರಿದ ವಸ್ತುವಿಗೂ ಯಾರ್ಡಿನಲ್ಲಿ ಬಿಟ್ಟಿರುವ ಅಂತರವೇ 2.1 ಮೀಟರ್. ಎತ್ತಿದ ಏಣಿ ಅದನ್ನು ಸುಲಭವಾಗಿ ನುಂಗಿಬಿಡುತ್ತದೆ.

ಕ್ಲಾಂಪಿನ ಕೆಲಸವನ್ನು ಲೈನ್‌ಮನ್‌ಗಳು ನಮಗಿಂತ ಚೆನ್ನಾಗಿ ಬಲ್ಲರು. ಕಂಬಿಯ ಮೈ ಉಜ್ಜಿ, ಗ್ರೀಸ್ ಹಚ್ಚಿ, ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದರೆ ಮುಗಿಯಿತು.

ಮುಗಿದ ಮೇಲೆ ತಾತ್ಕಾಲಿಕ ಜಂಪರ್ ತೆಗೆಸಿ, ಆಮೇಲೆ ರಾಡುಗಳನ್ನು ಬಿಚ್ಚಿಸಿ. ಎಲ್ಲರನ್ನೂ ಹಗ್ಗದಿಂದ ಈಚೆಗೆ ಕರೆದು ಹೆಸರು ಹಿಡಿದು ಎಣಿಸಿ, ಆರು ರಾಡುಗಳನ್ನು ಮುಂದೆ ಸಾಲಾಗಿ ಇರಿಸಿ. ಇನ್ನು ಯಾರೂ ಮೇಲೆ ಹತ್ತುವಂತಿಲ್ಲ ಎಂದು ತಿಳಿಸಿದ ನಂತರವೇ ಲೈನ್ ಕ್ಲಿಯರ್ ವಾಪಸ್ ಮಾಡಿ. ತೆಗೆದುಕೊಂಡವರೇ ವಾಪಸ್ ಮಾಡಬೇಕು. ನಿಮ್ಮ ಪರವಾಗಿ ಇನ್ನೊಬ್ಬರು ಸಹಿ ಹಾಕುವಂತಿಲ್ಲ. ಎರಡೂ ತುದಿಯ ಅರ್ತ್ ಸ್ವಿಚ್ ತೆರೆದಿವೆ ಎಂಬುದನ್ನು ಮತ್ತೆ ಕಣ್ಣಿನಿಂದ ನೋಡಿ, ಆಮೇಲೆ ಚಾರ್ಜ್ ಮಾಡಿಸಿ.

ಅಂದೇ ಸಂಜೆ ಏಳರಿಂದ ಒಂಬತ್ತರ ಪೀಕ್ ಲೋಡಿನಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ಆ ಕ್ಲಾಂಪನ್ನು ಒಮ್ಮೆ ನೋಡಿ. ಪಕ್ಕದ ಎರಡು ಫೇಸುಗಳ ಕ್ಲಾಂಪಿಗಿಂತ ಅದು ಬಿಸಿಯಾಗಿ ಕಂಡರೆ ಬೋಲ್ಟು ಸರಿಯಾಗಿ ಕೂತಿಲ್ಲ. ಮರುದಿನವೇ ಮತ್ತೊಂದು ಲೈನ್ ಕ್ಲಿಯರಿಗೆ ಬರೆಯಿರಿ.