ನಿದ್ದೆಗೆ ಒದಗುವ ಮಲಗುವ ಕೋಣೆ

ಮಲಗುವ ಕೋಣೆಯನ್ನು ನಿದ್ದೆಗೆ ತಕ್ಕಂತೆ ಅಣಿಗೊಳಿಸಲು ಹೊರಡುವವರು ಬಹುಮಟ್ಟಿಗೆ ಗೋಡೆಯ ಬಣ್ಣದಿಂದ ಆರಂಭಿಸುತ್ತಾರೆ. ದೀಪ ಆರಿಸಿದ ಮೇಲೆ ಯಾವ ಬಣ್ಣವೂ ಕಾಣದಿರುವುದರಿಂದ, ನನ್ನ ಮಟ್ಟಿಗೆ ಅದು ಕಟ್ಟಕಡೆಗೆ ಯೋಚಿಸಬೇಕಾದ ಸಂಗತಿ. ಹಣ ಖರ್ಚು ಮಾಡುವ ಮುನ್ನ ಒಂದು ರಾತ್ರಿ ಬಾಗಿಲು ಮುಚ್ಚಿ, ದೀಪಗಳನ್ನೆಲ್ಲ ಆರಿಸಿ, ದಿಂಬಿಗೆ ತಲೆಯಿಟ್ಟು ಹತ್ತು ನಿಮಿಷ ಕಣ್ತೆರೆದೇ ಮಲಗಿ ನೋಡಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಪರದೆಯ ಮೇಲಂಚಿನಿಂದ ಛಾವಣಿಗೆ ಹರಡುವ ಬೀದಿದೀಪದ ಪಟ್ಟಿ, ಬಾಗಿಲಡಿಯ ಸಂದಿನ ಬೆಳಕು, ಚಾರ್ಜರಿನ ನೀಲಿ ಚುಕ್ಕೆ ಒಂದೊಂದಾಗಿ ಗೋಚರಿಸುತ್ತವೆ.

ಇವನ್ನು ಕ್ಷುಲ್ಲಕವೆಂದು ಬಿಡುವಂತಿಲ್ಲ. ನಮ್ಮ ಅಕ್ಷಿಪಟಲದಲ್ಲಿ ಹಗಲಿರುಳಿನ ಸುಳಿವನ್ನು ಮೆದುಳಿಗೆ ಮುಟ್ಟಿಸುವ ಬೇರೆಯೇ ಜೀವಕೋಶಗಳಿದ್ದು, ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವು ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅಂಥ ಬೆಳಕು ಸಂಜೆಯ ನಂತರ ಹೆಚ್ಚಾಗಿ ಕಣ್ಣಿಗೆ ಬಿದ್ದರೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ, ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಸ್ರವಿಸುವುದು ಕುಗ್ಗುತ್ತದೆ. ಆದುದರಿಂದ ಕೋಣೆಗೆ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ನೀಲಿ ಹೆಚ್ಚು) ಬಿಳಿ ಬಲ್ಬಿನ ಬದಲು 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ಹಳದಿ ಬಲ್ಬನ್ನು ಆಯ್ದುಕೊಂಡು, ಅದನ್ನು ಛಾವಣಿಗಿಂತ ಮಂಚದ ಎತ್ತರದಲ್ಲಿ ಅಳವಡಿಸುವುದು ಲೇಸು. ಪರದೆಯ ವಿಷಯದಲ್ಲಿ ಬಟ್ಟೆಯ ದಪ್ಪಕ್ಕಿಂತ ಅಳತೆ ಮುಖ್ಯ: ಕಿಟಕಿಯ ಚೌಕಟ್ಟಿಗಿಂತ ಎರಡೂ ಬದಿಗೆ 15 ಸೆಂಟಿಮೀಟರಿನಷ್ಟು ಅಗಲವಾಗಿದ್ದು, ಅಂಚುಗಳು ಗೋಡೆಗೆ ತಾಗುವಂತಿದ್ದರೆ ಮಾತ್ರ ಬೆಳಕು ಸುತ್ತಿ ಬರುವುದು ನಿಲ್ಲುತ್ತದೆ. ಚಾರ್ಜರಿನ ಚುಕ್ಕೆಗೆ ಒಂದು ತುಂಡು ಕಪ್ಪು ಟೇಪು ಸಾಕು.

ನಿದ್ದೆಗೆ ಜಾರುವ ಹೊತ್ತಿನಲ್ಲಿ ದೇಹವು ಕೈಕಾಲುಗಳ ಚರ್ಮದ ಮೂಲಕ ಶಾಖವನ್ನು ಹೊರಚೆಲ್ಲುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಒಳಗಿನ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿದಿರುತ್ತದೆ. ಈ ಇಳಿತಕ್ಕೆ ಅಡ್ಡಿಯಾಗದಂತೆ ಕೋಣೆ ತುಸು ತಂಪಾಗಿರಬೇಕು, ಗಾಳಿ ಆಡುತ್ತಿರಬೇಕು. ದಪ್ಪನೆಯ ಒಂದೇ ಹೊದಿಕೆಗಿಂತ ತೆಳುವಾದ ಎರಡು ಹೊದಿಕೆಗಳಿದ್ದರೆ ನಡುರಾತ್ರಿ ಒಂದನ್ನು ಸರಿಸಬಹುದು. ಒಂದೇ ಮಂಚದಲ್ಲಿ ಇಬ್ಬರು ಮಲಗುವುದಾದರೆ ಇಬ್ಬರಿಗೂ ಬೇರೆ ಬೇರೆ ಹೊದಿಕೆ ಇಡುವುದೇ ಜಾಣತನ. ಮೆಮೊರಿ ಫೋಮಿನ ಹಾಸಿಗೆ ಮೈಗೆ ಹಿತವಾದರೂ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬೇಗ ಬೆವರುವವರು ಕೊಳ್ಳುವ ಮುನ್ನ ಸ್ವಲ್ಪ ಹೊತ್ತು ಅದರ ಮೇಲೆ ಮಲಗಿ ನೋಡುವುದು ಒಳ್ಳೆಯದು.

ಮಲಗುವ ಕೋಣೆಯೊಳಗೆ ಎಡೆಬಿಡದ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ಆದರೂ ಒಂದೇ ಸಮನಾದ ಸದ್ದಿಗಿಂತ ಥಟ್ಟನೆ ಏಳುವ ಸದ್ದೇ ಹೆಚ್ಚಾಗಿ ಎಚ್ಚರಗೊಳಿಸುವುದರಿಂದ, ಫ್ಯಾನಿನ ಏಕತಾನದ ಗುಂಯ್‌ಗುಡುವಿಕೆ ಅದನ್ನು ಮರೆಮಾಡಿ ಉಪಕಾರವನ್ನೇ ಮಾಡಬಹುದು. ಸದ್ದು ನುಗ್ಗುವುದು ಸಂದುಗಳಿಂದ. ಪರದೆಯನ್ನು ನೆಚ್ಚುವ ಬದಲು ಬಾಗಿಲು ಮತ್ತು ಕಿಟಕಿಯ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುವುದು ಫಲಕಾರಿ.

ಕೋಣೆಯಲ್ಲಿ ಏನಿರಬೇಕೆಂಬಷ್ಟೇ ಏನಿರಬಾರದೆಂಬುದೂ ಮುಖ್ಯ. ಹಾಸಿಗೆಯನ್ನು ನಿದ್ದೆಯೊಂದಿಗೆ ಮಾತ್ರ ನಂಟು ಹಾಕಬೇಕೆಂಬ ಚಿಕಿತ್ಸಾಕ್ರಮವನ್ನು ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟರು. ನಿದ್ದೆ ಬಾರದೆ ಇಪ್ಪತ್ತು ನಿಮಿಷದಷ್ಟು ಹೊರಳಾಡಿದರೆ ಎದ್ದುಹೋಗಿ, ತೂಕಡಿಕೆ ಬಂದಾಗ ಮರಳಬೇಕೆಂಬುದು ಅದರ ತಿರುಳು. ಹಾಗೆ ಎದ್ದವರು ಕೂರಲು ಮಂದ ದೀಪದ ಪಕ್ಕ ಒಂದು ಕುರ್ಚಿ ಬೇಕು, ಸಾಧ್ಯವಾದರೆ ಕೋಣೆಯ ಹೊರಗೇ. ಕಚೇರಿಯ ಮೇಜು ಹೊರಗೆ ಹೋಗಲಿ. ಗಡಿಯಾರದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಬೇಕು. ಎರಡೂವರೆ ಗಂಟೆಯಾಯಿತೆಂದು ತಿಳಿದೊಡನೆ ಉಳಿದ ನಿದ್ದೆಯ ಲೆಕ್ಕ ಹಾಕತೊಡಗಿ ನಾನು ಅದೆಷ್ಟೋ ರಾತ್ರಿಗಳನ್ನು ಕಳೆದುಕೊಂಡಿದ್ದೇನೆ. ಬಚ್ಚಲುಮನೆಯ ದಾರಿಗೆ ಮೊಣಕಾಲಿಗಿಂತ ಕೆಳಗೆ ಒಂದು ಪುಟ್ಟ ಕೆಂಪು ಅಥವಾ ಹಳದಿ ದೀಪವಿದ್ದರೆ, ನಡುರಾತ್ರಿ ದೊಡ್ಡ ದೀಪದ ಸ್ವಿಚ್ಚನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ.